ತೇರಿನ ಮರುದಿನ: ಟಿವಿ ಮುಖ, ಕಂಪನಿ ಗಂಟಲು

14 ಜನವರಿ 2025, ಮಂಗಳವಾರ, ಸಂಕ್ರಾಂತಿ

ಬೆಳಗ್ಗೆಯಿಂದ ಅಡುಗೆಮನೆಯಲ್ಲಿ ಸಜ್ಜಿ ರೊಟ್ಟಿ ಬಡಿಯುವ ಸಪ್ಪಳ, ಪಡಸಾಲೆಯಲ್ಲಿ ಟಿವಿ ಸಪ್ಪಳ. ಯಾವ ಚಾನೆಲ್ ಹಾಕಿದರೂ ಸಂಕ್ರಾಂತಿ ವಿಶೇಷ. ಕಬ್ಬಿನ ಜಲ್ಲೆ ಕಟ್ಟಿದ ಸೆಟ್ಟು, ಬಣ್ಣ ಬಳಿದ ಮಡಿಕೆ, ಉಕ್ಕುವ ಪೊಂಗಲ್, ಇಡೀ ವರ್ಷ ಕಚ್ಚಾಡಿದ ಅತ್ತೆ-ಸೊಸೆಯರು ಒಂದೇ ವೇದಿಕೆಯಲ್ಲಿ ಕೈಕೈ ಹಿಡಿದು ಕುಣಿತ, ಕೊನೆಗೆ ದನಗಳಿಗೆ ಕಿಚ್ಚು ಹಾಯಿಸುವುದು. ಟಿವಿಯ ಸಂಕ್ರಾಂತಿ ಯಾವಾಗಲೂ ಮಂಡ್ಯ-ಮೈಸೂರು ಕಡೆಯದೇ. ನಮ್ಮ ಕಡೆ ಹೊಳೆಗೆ ಹೋಗಿ ಮಿಂದು ಅಲ್ಲೇ ಬುತ್ತಿ ಬಿಚ್ಚುತ್ತಾರೆ, ಎಳ್ಳು ಹಚ್ಚಿದ ರೊಟ್ಟಿಗೆ ಬದನೆಕಾಯಿ ಎಣ್ಣಿಗಾಯಿ ಇರುತ್ತದೆ, ಸಂಜೆ ಕುಸುರೆಳ್ಳು ಹಿಡಿದು ಮನೆಮನೆ ತಿರುಗುತ್ತಾರೆ. ಇದ್ಯಾವುದೂ ಕ್ಯಾಮೆರಾ ಕಣ್ಣಿಗೆ ಬಿದ್ದ ಹಾಗಿಲ್ಲ. ಬೀಳದಿದ್ದರೂ ಸರಿ, ನಮ್ಮ ಅತ್ತಿ ಕಣ್ಣು ಮಿಟುಕಿಸದೆ ನೋಡುತ್ತಾಳೆ. ಇವತ್ತು ಮಾತ್ರ ಕೂತಲ್ಲೇ ತೂಕಡಿಸುತ್ತಿದ್ದಾಳೆ. ನನ್ನದೂ ಅದೇ ಗತಿ. ಬೆಳಗಿನ ಜಾವ ಮನೆ ಸೇರಿದವರು ನಾವು.

ನಿನ್ನೆ ಬನದ ಹುಣ್ಣಿಮೆ. ಬನಶಂಕರಿ ತೇರು. ಈ ಸಲ ತೇರಿನ ಬೆನ್ನಿಗೇ ಸಂಕ್ರಾಂತಿ ಬಂದಿದ್ದರಿಂದ ಬಾದಾಮಿಯಿಂದ ಚೊಳಚಗುಡ್ಡದ ತನಕ ಕಾಲಿಡಲು ಜಾಗವಿಲ್ಲ. ಉತ್ತತ್ತಿ ಎಸೆದು, ಅವ್ವನಿಗೆ ಕೈಮುಗಿದು, ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ಕೂತವರ ಹತ್ತಿರ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ಕಟ್ಟಿಸಿಕೊಂಡು ತಿಂದೆವು. ಬಾಗಿಲ ಚೌಕಟ್ಟು ಮಾರುವ ಸಾಲಿನಲ್ಲಿ ಮಾವ ಸಾಗವಾನಿ ಕಟ್ಟಿಗೆಯನ್ನು ಬೆರಳಿನಿಂದ ಬಡಿದು ಬಡಿದು ನೋಡಿ, ದರ ಕೇಳಿ, ಏನೂ ಕೊಳ್ಳದೆ ಬಂದ. ಇವೆಲ್ಲ ನೆವ. ನಾವು ಹೋಗಿದ್ದು ನಾಟಕಕ್ಕೆ.

ಗೊತ್ತಿಲ್ಲದವರಿಗೆ ಹೇಳಬೇಕು: ಈ ಜಾತ್ರೆ ತೇರು ಎಳೆದ ದಿನಕ್ಕೆ ಮುಗಿಯುವುದಿಲ್ಲ, ತಿಂಗಳ ಹತ್ತಿರ ನಡೆಯುತ್ತದೆ. ಅಷ್ಟೂ ದಿನ ವೃತ್ತಿ ನಾಟಕ ಕಂಪನಿಗಳು ತಗಡಿನ ಥಿಯೇಟರ್ ಹಾಕಿಕೊಂಡು ಪಕ್ಕಪಕ್ಕದಲ್ಲೇ ಕ್ಯಾಂಪ್ ಮಾಡುತ್ತವೆ. ತೇರಿನ ರಾತ್ರಿಯಂತೂ ಬೆಳಕು ಹರಿಯುವವರೆಗೆ ಒಂದರ ಹಿಂದೊಂದು ಷೋ. ಕಂಪನಿ ಮಾಲೀಕರಿಗೆ ಇದು ಸುಗ್ಗಿ. ಇಲ್ಲಿ ಕೈಗೆ ಬಂದದ್ದು ಮಳೆಗಾಲದ ಖಾಲಿ ಕುರ್ಚಿಗಳನ್ನು ಸಾಕಬೇಕು. ಕೋವಿಡ್ ಹೊತ್ತಿನಲ್ಲಿ ಜಾತ್ರೆ ನಿಂತಾಗ ಎಷ್ಟೋ ಕಲಾವಿದರು ಕೂಲಿಗೆ ಹೋದದ್ದು ನಮ್ಮ ಕಣ್ಣೆದುರೇ.

ನಾವು ನೋಡಿದ ನಾಟಕದ ಹೆಸರು ಇಲ್ಲಿ ಬರೆಯುವುದಿಲ್ಲ, ಇದನ್ನು ಅವ್ವ ಓದುತ್ತಾಳೆ. ಹೆಸರು ಕೇಳಿ ನಾಚಿಕೊಂಡವರೇ ಟಿಕೆಟ್ ಸಾಲಿನಲ್ಲಿ ಮುಂದಿದ್ದರು. ಒಳಗೆ ಹೋದರೆ ಅಷ್ಟೇನಿಲ್ಲ: ಅದೇ ಬಡ ಅಪ್ಪ, ಸೊಕ್ಕಿನ ಗೌಡ, ಓದಿದ ಮಗಳು, ಮೋಸ ಹೋದ ತಂಗಿ. ದ್ವಂದ್ವಾರ್ಥ ಇತ್ತು, ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು. ಆದರೆ ಅಪ್ಪನ ಪಾತ್ರದವನು ಕಣ್ಣೀರು ಹಾಕಿಸಿದಾಗ ಬಿದ್ದ ಚಪ್ಪಾಳೆಗಿಂತ ಆ ಮಾತುಗಳಿಗೆ ಬಿದ್ದ ಶಿಳ್ಳೆ ದೊಡ್ಡದಾಗಿತ್ತು ಅಂದಮೇಲೆ ಬರೀ ಬರೆದವನನ್ನು ಬೈದು ಏನು ಮಾಡುವುದು?

ಹೊರಗಿನ ಬ್ಯಾನರಿನಲ್ಲಿ ಆಳೆತ್ತರಕ್ಕೆ ಇದ್ದವಳು ಧಾರಾವಾಹಿಯ ನಟಿ. ಕಂಪನಿಯ ಖಾಯಂ ಕಲಾವಿದರೆಲ್ಲ ಕೆಳಗೆ ಅಂಚಿನಲ್ಲಿ, ಅಂಚೆಚೀಟಿ ಅಳತೆಯ ಫೋಟೋಗಳಲ್ಲಿ. ಅತ್ತಿ ಬಂದದ್ದೇ ಆ ಹುಡುಗಿಯನ್ನು ನೋಡಲು. ಹುಡುಗಿ ಮಗಳ ಪಾತ್ರದಲ್ಲಿ ರಂಗಕ್ಕೆ ಬಂದಾಗ ತಗಡು ಹಾರಿಹೋಗುವಷ್ಟು ಗದ್ದಲ. ಆಮೇಲೆ ಬಾಯಿ ಬಿಟ್ಟಳು, ಮಾತೇ ಕೇಳಿಸಲಿಲ್ಲ.

ಕಂಪನಿ ನಾಟಕದಲ್ಲಿ ಯಾರ ಅಂಗಿಗೂ ಮೈಕ್ ಸಿಕ್ಕಿಸಿರುವುದಿಲ್ಲ. ರಂಗದ ಮುಂಭಾಗದಲ್ಲಿ ಮೇಲಿಂದ ಎರಡು-ಮೂರು ಮೈಕ್ ಇಳಿಬಿಟ್ಟಿರುತ್ತಾರೆ. ಮಾತು ಬಂದಾಗ ಅದರ ಕೆಳಗೆ ಬರಬೇಕು, ಮುಗಿದ ಕೂಡಲೇ ಇನ್ನೊಬ್ಬರಿಗೆ ಜಾಗ ಬಿಡಬೇಕು. ಅದೂ ಪಾತ್ರವೇ ನಡೆದಾಡಿದ ಹಾಗೆ ಕಾಣಬೇಕು. ಈ ಹುಡುಗಿ ಸೀರಿಯಲ್ಲಿನಲ್ಲಿ ಮಾಡಿದಂತೆ ಅಪ್ಪನ ಕಡೆ ತಿರುಗಿ, ಹಿಂದಿನ ಪರದೆಯ ಹತ್ತಿರ ನಿಂತು, ಮೆಲ್ಲಗೆ, ಚೆಂದವಾಗಿಯೇ ಅಳುತ್ತಿದ್ದಳು. ಕ್ಯಾಮೆರಾ ಇದ್ದಿದ್ದರೆ ಹತ್ತಿರ ಬಂದು ಆ ಕಣ್ಣೀರನ್ನು ಹಿಡಿದುಕೊಳ್ಳುತ್ತಿತ್ತು. ಇಲ್ಲಿ ಹಿಂದಿನಿಂದ ಒಬ್ಬ ಕೂಗಿದ, "ಸೌಂಡ್ ಬರವಲ್ದು!"

ಆಗ ಅಪ್ಪನ ಪಾತ್ರದವನು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಐವತ್ತು ದಾಟಿದ ಆಸಾಮಿ, ಗಂಟಲು ಒಡೆದು ಗೊಗ್ಗರಾಗಿತ್ತು. ತನ್ನ ಮಾತು ನಿಲ್ಲಿಸಿ ಅವಳ ತೋಳು ಹಿಡಿದ. "ಅಲ್ಲಿ ಮೂಲ್ಯಾಗ ನಿಂತು ಅತ್ರ ಹೆಂಗ ಮಗಳ? ಬಾ, ನಿನ್ನ ಸಂಕಟ ನಿಮ್ಮಪ್ಪಗ ಕೇಳಲಿ" ಅನ್ನುತ್ತ ನಡೆಸಿಕೊಂಡು ಬಂದು ಸರಿಯಾಗಿ ಮೈಕಿನ ಕೆಳಗೆ ನಿಲ್ಲಿಸಿ, ತಾನು ಅರ್ಧ ಹೆಜ್ಜೆ ಹಿಂದೆ ಸರಿದ. ಜನಕ್ಕೆ ಅದು ನಾಟಕದ್ದೇ ಮಾತು. ಅವಳ ದನಿ ಒಮ್ಮೆಲೇ ಥಿಯೇಟರ್ ತುಂಬ ಬಂತು. ಮುಂದಿನ ದೃಶ್ಯದಿಂದ ಅವಳೇ ಜಾಗ ನೋಡಿ ನಿಲ್ಲತೊಡಗಿದಳು. ಕಲಿಯುವ ಹುಡುಗಿ, ಸುಳ್ಳು ಯಾಕೆ ಹೇಳಲಿ.

ಹಾಸ್ಯದವನದೂ ಹಾಗೇ. ಅವನ ಮಾತಿನ ನಡುವೆ ಯಾರದೋ ಮೊಬೈಲ್ ಬಡಿಯಿತು. ನಿಲ್ಲಿಸಿ ಕೈಮುಗಿದ: "ಎತ್ತರಿ ಯಪ್ಪಾ, ಮನ್ಯಾಗಿಂದ ಇರಬೇಕು. ನಾಟಕಕ್ಕ ಬಂದೀನಿ ಅನಬ್ಯಾಡ್ರಿ, ತೇರಿಗೆ ಬಂದೀನಿ ಅನ್ರಿ." ಆಮೇಲೆ ಆಗ ಬಿಗ್ ಬಾಸ್ ಮನೆಯಲ್ಲಿದ್ದ ನಮ್ಮ ಹಾವೇರಿ ಕಡೆಯ ಹನುಮಂತನ ಹೆಸರು ತೂರಿಸಿ ಲುಂಗಿ ಎತ್ತಿ ಕಟ್ಟಿದ್ದೇ ತಡ, ಶಿಳ್ಳೆಯೋ ಶಿಳ್ಳೆ. ಆ ಹುಡುಗ ಗೆಲ್ಲುತ್ತಾನೋ ಇಲ್ಲವೋ ಎಂಬ ಚರ್ಚೆ ರೊಟ್ಟಿ ಅಂಗಡಿಯಲ್ಲೂ ನಡೆದಿತ್ತು, ಇಲ್ಲೂ ನಡೆಯಿತು.

ಟಿವಿ ಬಂದು ಕಂಪನಿ ನಾಟಕ ಹಾಳಾಯಿತು ಎಂಬ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹೊಸ ಯಂತ್ರ ಬಂದಾಗಲೆಲ್ಲ ಜನ ಇಲ್ಲಿಂದಲೇ ಹೋಗಿದ್ದಾರೆ. ನಮ್ಮ ಬೀಳಗಿಯ ಅಕ್ಕತಂಗಿಯರನ್ನೇ ನೋಡಿ. ಗೋಹರಬಾಯಿ ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿ ಬೆಳಗಿದಳು, ಅಮೀರಬಾಯಿ ಮುಂಬಯಿ ಸಿನಿಮಾ ಸೇರಿ 1940ರ ದಶಕದಲ್ಲಿ ದೇಶವೇ ಕೇಳುವ ಗಾಯಕಿಯಾದಳು. ಗುಬ್ಬಿ ಕಂಪನಿಯಿಂದ ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಸಿನಿಮಾಕ್ಕೆ ಹೋದರು. ಅತ್ತಿ ದಿನಾ ಕಾಯುವ, 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯ ಪುಟ್ಟಕ್ಕ ಕೂಡ ಎಲ್ಲಿಂದ ಬಂದವಳು? 'ಒಡಲಾಳ' ನಾಟಕದ ಸಾಕವ್ವನಾಗಿ ರಂಗವನ್ನು ನಡುಗಿಸಿದ ಉಮಾಶ್ರೀ ಅವರಲ್ಲವೇ? ತೇರದಾಳದಿಂದ ಗೆದ್ದು ಮಂತ್ರಿಯೂ ಆದವರು, ನಮ್ಮ ಜಿಲ್ಲೆಗೆ ಹೊಸಬರಲ್ಲ. ಧಾರಾವಾಹಿ ಅನ್ನುವುದೇ ಕಂಪನಿ ನಾಟಕದ ಮೊಮ್ಮಗಳು. ಆಘಾತದ ಸುದ್ದಿಗೆ ಮುಖವನ್ನು ಮೂರು ಸಲ ತೋರಿಸಿ ಢಂ ಅನ್ನಿಸುತ್ತಾರಲ್ಲ, ಆ ಢಂ ಇಲ್ಲಿ ಯಾವಾಗಿನಿಂದಲೋ ಇದೆ, ಈಗ ತಬಲಾದವನ ಜಾಗದಲ್ಲಿ ರಿದಂ ಪ್ಯಾಡಿನವನು ಕೂತಿದ್ದಾನೆ ಅಷ್ಟೇ.

ಮೊದಲು ಜನ ಕಂಪನಿಯಲ್ಲಿ ಪಳಗಿ ಆಚೆ ಹೋಗುತ್ತಿದ್ದರು. ಈಗ ಟಿವಿಯಲ್ಲಿ ಮುಖ ಬೆಳಗಿಸಿಕೊಂಡು ಇಲ್ಲಿಗೆ ಬರುತ್ತಾರೆ. ಬರಲಿ, ಟಿಕೆಟ್ ಹರಿಯಲಿ. ಆದರೆ ನಾಲ್ಕು ದಿನದ ಅತಿಥಿಗೆ ಆಳೆತ್ತರದ ಫೋಟೋ, ವರ್ಷವಿಡೀ ಗಂಟಲು ಸವೆಸುವವನಿಗೆ ಅಂಚೆಚೀಟಿ ಎನ್ನುವುದು ಮಾತ್ರ ನನ್ನ ಹೊಟ್ಟೆಗೆ ಹತ್ತಲಿಲ್ಲ. ಆ ಅಪ್ಪನ ಹೆಸರು ಓದಲು ಬ್ಯಾನರಿನ ಹತ್ತಿರ ಹೋಗಿ ಮೊಬೈಲ್ ಬೆಳಕು ಬಿಡಬೇಕಾಯಿತು.

ವಾಪಸ್ ಬರುವಾಗ ಟಂಟಂನಲ್ಲಿ ಅತ್ತಿಗೆ ಕೇಳಿದೆ, ಹೆಂಗಿತ್ತು ಅಂತ. "ಟಿವ್ಯಾಗ ಆಕಿ ಇದಕ್ಕಿಂತ ಚಂದ ಅಳತಾಳ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಮುದುಕಪ್ಪ ಯಾವ ಸೀರಿಯಲ್ಲಿನ್ಯಾಗ ಬರತಾನ?" ಅಂತ ಕೇಳಿದಳು. ಯಾವುದರಲ್ಲೂ ಇಲ್ಲ ಅಂದಾಗ ನಾನೇ ಸರಿಯಾಗಿ ವಿಚಾರಿಸಿಲ್ಲ ಎಂಬಂತೆ ನೋಡಿದಳು.

ಶುಕ್ರವಾರ ಮತ್ತೆ ಹೋಗುವುದು ಅಂತ ಗೊತ್ತಾಗಿದೆ, ಪಕ್ಕದ ಕಂಪನಿಗೆ. ಅಲ್ಲಿ ಟಿವಿಯವರು ಯಾರೂ ಇಲ್ಲವಂತೆ, ಹಾಡು ಜಾಸ್ತಿಯಂತೆ, ಕಾಲುಪೆಟ್ಟಿಗೆ, ಅಂದರೆ ಕಾಲಲ್ಲಿ ಗಾಳಿ ಒತ್ತುವ ಹಾರ್ಮೋನಿಯಂ, ನುಡಿಸುವ ಒಬ್ಬ ಹಳಬನಿದ್ದಾನಂತೆ. ಮಾವ ಆ ಚೌಕಟ್ಟಿನ ದರ ಇಳಿದಿದೆಯೋ ನೋಡಬೇಕಂತೆ. ಅತ್ತಿಯದು ಒಂದೇ ಷರತ್ತು: ಪುಟ್ಟಕ್ಕ ಮುಗಿದ ಮೇಲೇ ಗಾಡಿ ಹತ್ತುವುದು.