ಮಂಥಲಿಯಿಂದ ಲುಕ್ಲಾಕ್ಕೆ ಇಪ್ಪತ್ತು ನಿಮಿಷ

ರಾತ್ರಿ ಒಂದು ಗಂಟೆಗೆ ಕಠ್ಮಂಡುವಿನಿಂದ ನಮ್ಮ ಜೀಪು ಹೊರಟಿತು. ವಿಮಾನ ಹತ್ತೋಕೆ ಐದು ತಾಸು ಜೀಪಲ್ಲಿ ಯಾಕೆ ಹೋಗಬೇಕು ಅಂತ ಚಿಕ್ಕಪ್ಪ ದಾರಿಯುದ್ದಕ್ಕೂ ಕೇಳುತ್ತಿದ್ದರು. ಚಾರಣದ ತಿಂಗಳುಗಳಲ್ಲಿ ಕಠ್ಮಂಡು ನಿಲ್ದಾಣದಲ್ಲಿ ದಟ್ಟಣೆ ಜಾಸ್ತಿ. ಹಾಗಾಗಿ ಎವರೆಸ್ಟ್ ಕಡೆಯ ಚಾರಣ ಶುರುವಾಗುವ ಊರು ಲುಕ್ಲಾಕ್ಕೆ ಹೋಗುವ ಹೆಚ್ಚಿನ ವಿಮಾನಗಳು ಆಗ ರಾಮೆಛಾಪ್ ಜಿಲ್ಲೆಯ ಮಂಥಲಿಯಿಂದ ಹಾರುತ್ತವೆ. ಅಲ್ಲಿಗೆ ರಸ್ತೆ ಸುಮಾರು 130 ಕಿ.ಮೀ., ಬರೀ ತಿರುವು.

ಮಂಥಲಿ ಇರೋದು 474 ಮೀಟರ್ ಎತ್ತರದಲ್ಲಿ. ಬೆಳಗ್ಗೆಯೇ ಸೆಕೆ. ಲುಕ್ಲಾ 2,845 ಮೀಟರ್. ನಡುವೆ ನೇರ ದೂರ ಸುಮಾರು 73 ಕಿ.ಮೀ. "ಬೆಂಗಳೂರಿಂದ ತುಮಕೂರು ಕಣೋ ಇದು!" ಅಂದರು ಚಿಕ್ಕಪ್ಪ. ಹೌದು, ಆದರೆ ಜಿರಿ ಅನ್ನೋ ಊರಿಂದ ಬೆಟ್ಟ ಹತ್ತಿ ಇಳಿದು ನಡೆದು ಹೋಗುವವರಿಗೆ ಲುಕ್ಲಾ ಮುಟ್ಟೋಕೆ ಹೆಚ್ಚುಕಡಿಮೆ ಒಂದು ವಾರ ಬೇಕು.

ಸಾಮಾನಿಗೆ ತಲಾ 15 ಕೆ.ಜಿ. ಮಿತಿ. ಚಿಕ್ಕಪ್ಪನ ಚೀಲ ತಕ್ಕಡಿ ಮೇಲೆ ಅರ್ಧ ಕೆ.ಜಿ. ಹೆಚ್ಚು ತೋರಿಸಿತು. ಚಿಕ್ಕಮ್ಮ ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಸೀಲ್ ಮಾಡಿಸಿ ಕೊಟ್ಟಿದ್ದ ಅವಲಕ್ಕಿ ಚೂಡಾ ತೆಗೆದು ಜಾಕೆಟ್ ಜೇಬಿಗೆ ತುರುಕಿಕೊಂಡರು.

ಆಮೇಲೆ ಕಾಯುವ ಕೆಲಸ. ಇಲ್ಲಿ ಬಿಸಿಲಿದ್ದರೂ ಲುಕ್ಲಾದಲ್ಲಿ ಮೋಡ. ಅಲ್ಲಿ ಇಳಿಯುವ ಪೈಲಟ್‌ಗೆ ರನ್‌ವೇ ಕಣ್ಣಿಗೆ ಕಾಣಲೇಬೇಕು. ಮಧ್ಯಾಹ್ನದ ಹೊತ್ತಿಗೆ ಮೋಡ, ಗಾಳಿ ಎರಡೂ ಏರುವುದರಿಂದ ಬೆಳಗಿನ ಹೊತ್ತನ್ನೇ ನಂಬಿಕೊಳ್ಳಬೇಕು. ನಾಲ್ಕು ಗಂಟೆ ಕಾದೆವು. ಹತ್ತೂವರೆಗೆ ನಮ್ಮನ್ನು ಕೂಗಿದರು.

ಚಿಕ್ಕ ಡಾರ್ನಿಯರ್ ವಿಮಾನ. ಗಗನಸಖಿ ಒಂದು ತಟ್ಟೆಯಲ್ಲಿ ಪೆಪ್ಪರ್‌ಮಿಂಟು, ಕಿವಿಗೆ ಹತ್ತಿ ಹಿಡಿದು ಬಂದಳು. ಪೂರ್ವಕ್ಕೆ ಹಾರುವಾಗ ಹಿಮಾಲಯ ಇರೋದು ಎಡಕ್ಕೆ. ಅದಕ್ಕೇ ಚಿಕ್ಕಪ್ಪನನ್ನು ಎಡಗಡೆ ಕೂರಿಸಿದ್ದೆ. ಅವರು ಹತ್ತಿಯನ್ನು ಕಿವಿಗಿಡೋದು ಮರೆತು, ಕೈಯಲ್ಲೇ ಹಿಡಿದುಕೊಂಡು, ಹಿಮದ ಸಾಲು ನೋಡುತ್ತಾ ಕೂತರು. ಗದ್ದೆ ಮೆಟ್ಟಿಲುಗಳು ರೆಕ್ಕೆಗೆ ತಾಗುತ್ತವೇನೋ ಅನ್ನುವಷ್ಟು ಹತ್ತಿರ ಬಂದವು.

ಲುಕ್ಲಾ ರನ್‌ವೇ ಬರೀ 527 ಮೀಟರ್. ಬೆಂಗಳೂರಿನದು 4,000. ಲುಕ್ಲಾದ್ದು 1964ರಲ್ಲಿ ಎಡ್ಮಂಡ್ ಹಿಲರಿ ಮುಂದೆ ನಿಂತು ಮಾಡಿಸಿದ್ದು. 2001ರವರೆಗೂ ಅದು ಡಾಂಬರು ಕಂಡಿರಲಿಲ್ಲ. ಒಂದು ತುದಿಯಲ್ಲಿ ಕಣಿವೆ, ಇನ್ನೊಂದು ತುದಿಯಲ್ಲಿ ಗುಡ್ಡ. ಕೆಳಗಿನ ತುದಿಗಿಂತ ಮೇಲಿನ ತುದಿ ಸುಮಾರು 60 ಮೀಟರ್ ಎತ್ತರ. ಇಳಿಯುವ ವಿಮಾನ ಏರಿ ಬರುತ್ತದೆ, ಆ ಏರೇ ಅದರ ವೇಗ ತಗ್ಗಿಸುತ್ತದೆ. ಹೊರಡುವಾಗ ಅದೇ ಇಳಿಜಾರು ವೇಗ ಕೊಡುತ್ತದೆ. ಎಷ್ಟು ಚಂದದ ಲೆಕ್ಕ ಅಲ್ವಾ! ಚಕ್ರ ತಾಗಿದಾಗ ಒಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷ. ಜೀಪು ಹತ್ತಿದಾಗಿನಿಂದ ಹತ್ತು ಗಂಟೆ.

ಇಳಿದ ತಕ್ಷಣ ಚಳಿ. ನಾಲ್ಕು ಹೆಜ್ಜೆ ಹಾಕುವುದರಲ್ಲಿ ಏದುಸಿರು. ಚಿಕ್ಕಪ್ಪ ಜೇಬಿಗೆ ಕೈ ಹಾಕಿ, "ಇದೇನೋ ಹೀಗಾಗಿದೆ?" ಅಂತ ಚೂಡಾ ಪೊಟ್ಟಣ ಹೊರತೆಗೆದರು. ಮಂಥಲಿಯಲ್ಲಿ ಚಪ್ಪಟೆಯಾಗಿದ್ದದ್ದು ಪೂರಿ ಹಾಗೆ ಉಬ್ಬಿತ್ತು. ಇಲ್ಲಿ ಗಾಳಿಯ ಒತ್ತಡ ಮಂಥಲಿಗಿಂತ ಕಾಲು ಭಾಗದಷ್ಟು ಕಡಿಮೆ. "ನಿಧಾನಕ್ಕೆ ನಡೀರಿ ಚಿಕ್ಕಪ್ಪ," ಅಂದೆ. ಅವರು ಆ ಪೊಟ್ಟಣವನ್ನು ಒಡೆಯದೆ, ಮತ್ತೆ ಜೇಬಿಗಿಟ್ಟುಕೊಂಡು, ಚಾರಣದ ಮುಂದಿನ ತಂಗುದಾಣ ಫಾಕ್ಡಿಂಗ್‌ನ ದಾರಿ ಹಿಡಿದರು.