ಎರಡು ತಿಂಗಳಲ್ಲಿ ಬೇರೆ ದೇಶದ ಆಸ್ಪತ್ರೆಯಲ್ಲಿದ್ದಿರಾ?

ನೆದರ್‌ಲ್ಯಾಂಡ್ಸ್‌ನಲ್ಲಿ ಆಸ್ಪತ್ರೆಗೆ ದಾಖಲಾಗುವಾಗ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಕಳೆದ ಎರಡು ತಿಂಗಳಲ್ಲಿ ಬೇರೆ ದೇಶದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದೀರಾ? ಹಂದಿ, ಕರು, ಕೋಳಿ ಸಾಕುವ ಜಾಗದಲ್ಲಿ ವಾಸವೋ ಕೆಲಸವೋ ಇದೆಯಾ? ನಿಮ್ಮಲ್ಲಿ ಎಂಆರ್‌ಎಸ್‌ಎ ಇದೆ ಎಂದು ಹಿಂದೆ ಯಾರಾದರೂ ಹೇಳಿದ್ದರಾ? ಎಂಆರ್‌ಎಸ್‌ಎ ಅಂದರೆ ಪೆನಿಸಿಲಿನ್ ಬಳಗದ ಬಹುತೇಕ ಔಷಧಿಗಳಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ. ಒಂದಕ್ಕೆ ಹೌದು ಎಂದರೂ ಸಾಕು, ಮೂಗು, ಗಂಟಲಿನ ಸ್ವ್ಯಾಬ್ ತೆಗೆದು, ವರದಿ ಬರುವ ತನಕ ಪ್ರತ್ಯೇಕ ಕೋಣೆಯಲ್ಲಿಡುತ್ತಾರೆ.

ನಮ್ಮಮ್ಮ ಶಿವಮೊಗ್ಗದಲ್ಲಿ ನ್ಯುಮೋನಿಯಾಕ್ಕೆ ಆಸ್ಪತ್ರೆ ಸೇರಿ, ಸುಧಾರಿಸಿಕೊಂಡು, ನಮ್ಮಲ್ಲಿಗೆ ಬಂದಿದ್ದರು. ಇಲ್ಲಿ ಮೂತ್ರದ ಸೋಂಕಿನಿಂದ ಚಳಿಜ್ವರ ಬಂತು. ಮೊದಲ ಪ್ರಶ್ನೆಗೆ ನಾನು ಹೌದು ಎಂದೆ. ಅಲ್ಲಿಂದ ಅವರ ಕೋಣೆಗೆ ಬಂದವರೆಲ್ಲ ಗೌನು, ಗ್ಲೌಸು, ಮಾಸ್ಕು ಹಾಕಿಕೊಂಡೇ ಬಂದರು. ಊಟದ ತಟ್ಟೆ ತರುವ ಹುಡುಗಿಯೂ. ಅಮ್ಮ ಮುಖ ಸಣ್ಣದು ಮಾಡಿಕೊಂಡು, "ಏನೇ ಇದು, ನನಗೆ ಅಂಥದ್ದೇನು ಬಂದಿದೆ? ನಮ್ಮ ದೇಶದವರು ಅಂತ ಹೀಗೆ ಮಾಡ್ತಾರಾ?" ಎಂದರು. ಹೊರನಾಡಿನಲ್ಲಿರುವ ಎಷ್ಟೋ ಮನೆಗಳಲ್ಲಿ ಈ ನೋವು ಆಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ವೈದ್ಯೆಯಲ್ಲ, ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಅಮ್ಮನಿಗೆ ಆ ರಾತ್ರಿ ಹೇಳಿದ್ದು ಹಂದಿಯ ಕಥೆ. 2004ರಲ್ಲಿ ಇಲ್ಲಿನ ನೈಮೇಗನ್ ಊರಿನಲ್ಲಿ ಒಂದು ಕೂಸಿಗೆ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಮುಂಚೆ ಮಾಡಿದ ಸ್ವ್ಯಾಬ್‌ನಲ್ಲಿ ಎಂಆರ್‌ಎಸ್‌ಎ ಕಂಡಿತು. ಆ ಕುಟುಂಬಕ್ಕೆ ಆಸ್ಪತ್ರೆಯ ನಂಟೂ ಇಲ್ಲ, ಹೊರದೇಶದ ನಂಟೂ ಇಲ್ಲ. ಇದ್ದದ್ದು ಹಂದಿ ಸಾಕಣೆ. ಅಲ್ಲಿನ ಸಂಶೋಧಕರು ಅಷ್ಟಕ್ಕೇ ಬಿಡದೆ ಸುತ್ತಲಿನ 26 ಹಂದಿ ಸಾಕಣೆದಾರರನ್ನು ಪರೀಕ್ಷಿಸಿದರು. 6 ಮಂದಿಯಲ್ಲಿ ಅದು ಸಿಕ್ಕಿತು. ಆಮೇಲೆ ಪ್ರಶ್ನೆಗಳ ಪಟ್ಟಿಗೆ ಹಂದಿಯೂ ಸೇರಿತು. ಇವತ್ತು ಕಾಲು ಮುರಿದುಕೊಂಡು ಬರುವ ಡಚ್ ರೈತನನ್ನೂ ನಮ್ಮಮ್ಮನ ಹಾಗೆಯೇ ಬೇರೆ ಕೋಣೆಗೆ ಕಳಿಸುತ್ತಾರೆ. ಇದನ್ನು ಕೇಳಿದ ಮೇಲೆ ಅಮ್ಮ ಸ್ವಲ್ಪ ಹಗುರಾದರು.

ಬೇರೆ ದೇಶದ ಆಸ್ಪತ್ರೆಯ ಪ್ರಶ್ನೆಯೂ ಹೀಗೆಯೇ, ರೋಗಿಗಳ ದಾಖಲೆಗಳಿಂದ ಹುಟ್ಟಿದ್ದು. ಹುಡುಕು, ಪ್ರತ್ಯೇಕಿಸು, ನಿರ್ಮೂಲ ಮಾಡು ಎಂಬ ಪದ್ಧತಿಯನ್ನು ಈ ದೇಶ ದಶಕಗಳಿಂದ ಬಿಡದೆ ನಡೆಸಿಕೊಂಡು ಬಂದಿದೆ. ಎಂಆರ್‌ಎಸ್‌ಎ ಇರುವ ನರ್ಸ್‌ಗೂ ಅದು ಹೋಗುವ ತನಕ ರೋಗಿಗಳ ಹತ್ತಿರ ಕೆಲಸವಿಲ್ಲ. ಯುರೋಪಿನಲ್ಲೇ ಎಂಆರ್‌ಎಸ್‌ಎ ಅತಿ ಕಡಿಮೆ ಇರುವ ದೇಶಗಳಲ್ಲಿ ಇದೂ ಒಂದು.

ಸ್ವ್ಯಾಬ್‌ನಿಂದ ರೋಗಿಗೇ ಏನು ಲಾಭ ಎಂದು ಕೇಳಬಹುದು. ಸಾಮಾನ್ಯ ಸ್ಟ್ಯಾಫಿಲೊಕಾಕಸ್ ಬಗ್ಗೆ ಡಚ್ ಆಸ್ಪತ್ರೆಗಳು 2005ರಿಂದ 2007ರ ವರೆಗೆ 6,771 ಜನರ ಮೂಗು ಪರೀಕ್ಷಿಸಿ ಒಂದು ಪ್ರಯೋಗ ಮಾಡಿದವು. ಬ್ಯಾಕ್ಟೀರಿಯಾ ಇದ್ದವರಲ್ಲಿ ಕೆಲವರಿಗೆ ಮೂಗಿಗೆ ಮ್ಯುಪಿರೊಸಿನ್ ಮುಲಾಮು, ಮೈ ತೊಳೆಯಲು ಕ್ಲೋರ್‌ಹೆಕ್ಸಿಡಿನ್ ಸೋಪು. ಉಳಿದವರಿಗೆ ಔಷಧಿಯಿಲ್ಲದ ಅದೇ ಥರದ ಮುಲಾಮು, ಸೋಪು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಆ ಬ್ಯಾಕ್ಟೀರಿಯಾದ ಸೋಂಕು ತಗುಲಿದ್ದು ಔಷಧಿ ಪಡೆದವರಲ್ಲಿ ಶೇ. 3.4, ಪಡೆಯದವರಲ್ಲಿ ಶೇ. 7.7. ಅಷ್ಟು ಅಗ್ಗದ ಮುಲಾಮು ಇಷ್ಟು ಕೆಲಸ ಮಾಡುತ್ತದೆಂದು ಊಹೆಯಿಂದ ತಿಳಿಯುತ್ತಿರಲಿಲ್ಲ.

ಅಮ್ಮನಲ್ಲಿ ಎಂಆರ್‌ಎಸ್‌ಎ ಇರಲಿಲ್ಲ. ಆದರೆ ಮೂತ್ರದ ಕಲ್ಚರ್‌ನಲ್ಲಿ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬೆಳೆದ ಇ. ಕೋಲಿ ಬ್ಯಾಕ್ಟೀರಿಯಾ ಇಎಸ್‌ಬಿಎಲ್ ಜಾತಿಯದು, ಅಂದರೆ ಸಾಮಾನ್ಯವಾಗಿ ಕೊಡುವ ಎಷ್ಟೋ ಇಂಜೆಕ್ಷನ್‌ಗಳನ್ನು ಒಡೆದುಹಾಕುವ ಕಿಣ್ವ ಇರುವಂಥದ್ದು. ವೈದ್ಯರು ಅದೇ ದಿನ ಔಷಧಿ ಬದಲಿಸಿದರು, ಜ್ವರ ಇಳಿಯಿತು.

ಆ ವರದಿ ಕಂಡು ನಾನು ಬೆಚ್ಚಲಿಲ್ಲ, ಯಾಕೆಂದರೆ ಅದರ ಲೆಕ್ಕವೂ ಇಲ್ಲಿದೆ. 2012 ಮತ್ತು 2013ರಲ್ಲಿ 2,001 ಡಚ್ ಪ್ರವಾಸಿಗರ ಮಲವನ್ನು ಪ್ರವಾಸಕ್ಕೆ ಮುಂಚೆಯೂ ಆಮೇಲೂ ಪರೀಕ್ಷಿಸಿದ್ದರು. ಹೋಗುವಾಗ ಇಎಸ್‌ಬಿಎಲ್ ಇಲ್ಲದವರಲ್ಲಿ ಮೂರರಲ್ಲಿ ಒಬ್ಬರು ಅದನ್ನು ಹೊತ್ತು ತಂದರು. ದಕ್ಷಿಣ ಏಷ್ಯಾಕ್ಕೆ ಹೋದವರಲ್ಲಂತೂ ನಾಲ್ವರಲ್ಲಿ ಮೂವರು. ಪ್ರವಾಸದಲ್ಲಿ ಆ್ಯಂಟಿಬಯಾಟಿಕ್ ನುಂಗಿದವರಿಗೆ, ಭೇದಿ ಆದವರಿಗೆ ಅಪಾಯ ಹೆಚ್ಚು. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲೇ ಹೋಯಿತು, ಸುಮಾರು ಶೇ. 11 ಜನರಲ್ಲಿ ವರ್ಷವಾದರೂ ಉಳಿಯಿತು.

ಈ ಅಂಕಿ ಓದುವಾಗ ನನಗೂ ಮನಸ್ಸು ಚುರುಕ್ ಎನ್ನುತ್ತದೆ. 2010ರಲ್ಲಿ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತೆ ಮಾಡುವ ಒಂದು ಕಿಣ್ವಕ್ಕೆ ನವದೆಹಲಿಯ ಹೆಸರಿಟ್ಟಿದ್ದರ ಬಗ್ಗೆ ದೊಡ್ಡ ಗಲಾಟೆಯಾದಾಗ ನಾವೆಲ್ಲ ಸಿಟ್ಟಾಗಿದ್ದೆವು. ಹೆಸರಿನ ಬಗ್ಗೆ ಇದ್ದ ಸಿಟ್ಟು ನ್ಯಾಯವಾದದ್ದೇ. ಆದರೆ ಐಸಿಯುನಲ್ಲಿ ಮಲಗಿರುವ ನಮ್ಮವರಿಗೆ ಬೇಕಾಗಿರುವುದು ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2013ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ನಿಗಾ ಜಾಲ ಶುರು ಮಾಡಿದೆ, ವರ್ಷ ವರ್ಷವೂ ವರದಿ ಬರುತ್ತಿದೆ. ಅದರಲ್ಲಿರುವುದು ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳ ಮಾಹಿತಿ. ತಾಲೂಕು ಆಸ್ಪತ್ರೆಗಳಲ್ಲಿ, ಸಣ್ಣ ನರ್ಸಿಂಗ್ ಹೋಂಗಳಲ್ಲಿ ಕಲ್ಚರ್ ಮಾಡಿಸುವುದು ರೂಢಿಯಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಪ್ಪ ಅಮ್ಮನನ್ನು ಇಲ್ಲಿಗೆ ಕರೆಸಿಕೊಳ್ಳುವವರು ಊರಿನ ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ, ಕಲ್ಚರ್ ವರದಿ, ಕೊಟ್ಟ ಆ್ಯಂಟಿಬಯಾಟಿಕ್‌ಗಳ ಹೆಸರು ತಪ್ಪದೆ ತರಿಸಿ. ದಾರಿಗಿರಲಿ ಎಂದು ಮೆಡಿಕಲ್ ಶಾಪ್‌ನಿಂದ ಆ್ಯಂಟಿಬಯಾಟಿಕ್ ಕಟ್ಟಿಸಿಕೊಳ್ಳುವುದು ಬೇಡ. ದಾಖಲಾಗುವಾಗ ಆ ಪ್ರಶ್ನೆ ಕೇಳಿದರೆ, ಪ್ರತ್ಯೇಕ ಕೋಣೆಗೆ ಹೆದರಿ ಇಲ್ಲ ಎನ್ನಬೇಡಿ. ಮತ್ತೆ, ಕೋಣೆ ಯಾಕೆ ಬೇರೆ ಎಂಬುದನ್ನು ಹಿರಿಯರಿಗೆ ಮೊದಲೇ ಕನ್ನಡದಲ್ಲಿ ಕೂತು ಹೇಳಿ. ನರ್ಸ್ ಎಷ್ಟೇ ಒಳ್ಳೆಯವರಿದ್ದರೂ ಅದು ಅವರಿಂದ ಆಗುವ ಕೆಲಸವಲ್ಲ.