ಘಾಟ್ ಲೇಔಟ್: ಸುರಂಗದ ಬಾಯಿಗೆ ಕಮಾನು ಕೂತಿತು

ನನ್ನ ಮಾದರಿ ರೈಲಿನ ಹಲಗೆಯ ಗೋವಾ ಕಡೆಯ ತುದಿಯಲ್ಲಿ ಇಷ್ಟು ದಿನ ಥರ್ಮಾಕೋಲ್ ರಾಶಿಯಷ್ಟೇ ಇತ್ತು. ಕಮಾನು ಕೂತ ಮೇಲೆ ಅದು ಗುಡ್ಡದಂತೆ ಕಾಣತೊಡಗಿದೆ.

ಹೊಸದಾಗಿ ಓದುವವರಿಗೆ: ಇದು ಕರ್ನಾಟಕ–ಗೋವಾ ಗಡಿಯ ಕ್ಯಾಸಲ್‌ರಾಕ್–ಕುಲೆಂ ಘಾಟ್ ಮಾರ್ಗದ ಒಂದು ತುಣುಕು, ಹಳಿಗಳ ನಡುವೆ ಒಂದೇ ಮೀಟರ್ ಅಂತರವಿದ್ದ ಮೀಟರ್ ಗೇಜ್ ಕಾಲದ್ದು, 1:87 ಅಳತೆ, ಅಂದರೆ ನಿಜದ್ದರ 87ನೇ ಒಂದು ಪಾಲು. 12 ಮಿ.ಮೀ. ಅಂತರದ ಹಳಿ ಇದಕ್ಕೆ ಸರಿಹೊಂದುತ್ತದೆ. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಯಿತು. ಮುರ್ಮಗೋವಾ ಬಂದರಿನಿಂದ ಘಾಟ್ ಹತ್ತಿಸುವ ಹೊಣೆ ಪೋರ್ಚುಗೀಸ್ ಸರಕಾರದ ಖಾತರಿ ಇದ್ದ ಕಂಪನಿಯದು, ಈಚೆಯ ಕೆಲಸ ಸದರ್ನ್ ಮರಾಠಾ ರೈಲ್ವೆಯದು. 1888ರಲ್ಲಿ ಎರಡೂ ಕಡೆಯ ಹಳಿ ಕೂಡಿ, ನಮ್ಮ ಹುಬ್ಬಳ್ಳಿ, ಧಾರವಾಡ, ಗದಗದ ಹತ್ತಿಗೆ ಬಂದರಿನ ದಾರಿಯಾಯಿತು. ಹುಬ್ಬಳ್ಳಿಯಿಂದ ನೇರ ಕಾರವಾರಕ್ಕೇ ಹಳಿ ಹಾಕುವ ಮಾತು ಅದಕ್ಕೂ ಹಿಂದಿನದು. ಅದು ಇವತ್ತಿಗೂ ಮಾತಾಗಿಯೇ ಇದೆ, ಇರಲಿ.

ಅಲ್ಲಿಯ ಏರು 37ಕ್ಕೆ 1, ಅಂದರೆ 37 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ನನ್ನ 8 ಅಡಿ ಹಲಗೆಯಲ್ಲಿ ಇದು ಎರಡೂವರೆ ಇಂಚಿಗಿಂತ ತುಸು ಹೆಚ್ಚು ಅಷ್ಟೇ, ನೋಡುವವರಿಗೆ ಏರು ಅಂತಲೇ ಅನಿಸುವುದಿಲ್ಲ. ನಿಜವಾದ ಗಾಡಿಗೆ ಮಾತ್ರ ಹಿಂದಿನಿಂದ ಬೇರೆ ಎಂಜಿನ್ ದೂಡಬೇಕು. ಇದಕ್ಕಿಂತ ಕಡಿದಾಗಿ ಹತ್ತಿಸಲಾಗದ್ದರಿಂದ ಹಳಿ ಗುಡ್ಡದ ಪಕ್ಕೆಗೆ ಅಂಟಿಕೊಂಡು ಸುತ್ತುತ್ತದೆ, ಅಡ್ಡ ಬಂದ ಏಣನ್ನು ಕೊರೆದು ಆಚೆ ಹೋಗುತ್ತದೆ. ಆ ಘಾಟಿನಲ್ಲಿ 16 ಸುರಂಗಗಳಿರುವುದು ಹೀಗೆ.

ಕಮಾನನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಬಹುದಿತ್ತು. ನನಗೆ ಒಪ್ಪಿಗೆಯಾಗಲಿಲ್ಲ. ಫೋಮ್ ಬೋರ್ಡಿನಿಂದ ಒಂದೊಂದೇ ಕಲ್ಲು ಕತ್ತರಿಸಿ, ಅರ್ಧಚಂದ್ರದ ಥರ್ಮಾಕೋಲ್ ಆಸರೆಯ ಮೇಲೆ ಎರಡೂ ಬದಿಯಿಂದ ಏರಿಸುತ್ತ ಬಂದು, ನೆತ್ತಿಯ ಕಲ್ಲನ್ನು ಕೊನೆಗೆ ಕೂಡಿಸಿದೆ. ಆ ಕಾಲದ ಗೌಂಡಿಗಳ ಕ್ರಮವೂ ಇದೇ, ಅವರಿಗೆ ಆಸರೆ ಕಟ್ಟಿಗೆಯದು. ಮೊದಲು ಉಳಿ, ಸುತ್ತಿಗೆಯಿಂದ ಬಂಡೆಗೆ ತೂತು ಹೊಡೆದು, ಮದ್ದು ತುಂಬಿ ಸಿಡಿಸಿ, ಕಲ್ಲು ಹೊರಗೆ ಸಾಗಿಸಬೇಕು. ಬಂಡೆ ಗಟ್ಟಿಯಿದ್ದಲ್ಲಿ ಒಳಗೆ ಹಾಗೇ ಬಿಡಬಹುದು, ಸಡಿಲವಿದ್ದಲ್ಲಿ ಕಲ್ಲಿನ ಒಳಗೋಡೆ ಕಟ್ಟಿ, ಅದಕ್ಕೂ ಬಂಡೆಗೂ ನಡುವಿನ ಸಂದಿಗೆ ಕಲ್ಲುಚೂರು ಗಿಡಿಯಬೇಕು. ಬಾಯಿಯ ಗೋಡೆಯನ್ನು ಅಲಂಕಾರ ಅಂತ ತಿಳಿದು ಅಂಗೈಯಷ್ಟು ತೆಳ್ಳಗೆ ಮಾಡುವವರಿದ್ದಾರೆ. ಮೇಲಿನ ಮಣ್ಣು ಹಳಿಯ ಮೇಲೆ ಕುಸಿಯದಂತೆ ತಡೆಯುವುದು ಅದೇ. ಅದಕ್ಕೆಂದೇ ಎರಡೂ ಬದಿಗೆ ರೆಕ್ಕೆಗೋಡೆ ಎಳೆದು, ಮಳೆನೀರು ಹೊರಬೀಳುವ ತೂತು ಬಿಟ್ಟು, ಹಳಿಯ ಪಕ್ಕ ಗಟಾರೂ ಕೊರೆದಿದ್ದೇನೆ. ಪಶ್ಚಿಮ ಘಟ್ಟದ ಮಳೆಗೆ ಅದಿಲ್ಲದೆ ಆಗದು.

ತಲೆನೋವು ತಂದದ್ದು ತಿರುವು. ಸುರಂಗ ತಿರುವಿನ ಮೇಲಿದೆ. ಉದ್ದನೆಯ ಬೋಗಿ ತಿರುಗುವಾಗ ಅದರ ಎರಡೂ ತುದಿ ಹೊರಕ್ಕೆ ಚಾಚುತ್ತವೆ, ನಡು ಒಳಕ್ಕೆ ಸರಿಯುತ್ತದೆ. ಗೋಡೆ ಅಂಟಿಸುವ ಮೊದಲೇ ಬೋಗಿಯ ತುದಿಗೂ ನಡುವಿಗೂ ಪೆನ್ಸಿಲ್ ಕಟ್ಟಿ, ಹಳಿಯ ಎರಡೂ ಬದಿಗೆ ಹಾಸಿದ ರಟ್ಟಿನ ಮೇಲೆ ಗೀಟು ಹೊಡೆಸುತ್ತ ಓಡಿಸಿದೆ. ಆ ಗೀಟಿನಿಂದ 4 ಮಿ.ಮೀ. ಬಿಟ್ಟು ಗೋಡೆ ನಿಲ್ಲಿಸಿದ್ದೇನೆ. ಸಂಶಯವಿದ್ದವರು ಒಮ್ಮೆ ಹೀಗೆ ಮಾಡಿ ನೋಡಿ.

ಬಣ್ಣ ಹಚ್ಚುವಾಗ ನಮ್ಮ ಓಣಿಯ ಕಾಕಾ ಬಂದಿದ್ದರು, ಉಗಿ ಎಂಜಿನ್ ಮೇಲೆ ದುಡಿದವರು. ಕಮಾನಿನ ತುಂಬ ಸಮನಾಗಿ ಮಸಿ ಬಳಿದದ್ದು ನೋಡಿ, "ಮಸಿ ನೆತ್ತಿಗೆ ಹತ್ತತೈತಿ, ಕಾಲಿಗೆ ಯಾಕ ಹಚ್ಚೀರಿ? ಏರು ಹತ್ತೂಮುಂದ ಬೋಗದಾದಾಗ ಹೊಗಿ ತುಂಬಿ ಉಸಿರು ಕಟ್ಟತಿತ್ತು, ಹಸಿ ಟವೆಲ್ ಮುಖಕ್ಕ ಒತ್ಕೊಂಡು ಕುಂದರ್ತಿದ್ವಿ" ಅಂದರು. ಕೆಳಗಿನ ಕಲ್ಲುಗಳನ್ನು ಸ್ಪಂಜಿನಿಂದ ಒರೆಸಿ ಹಸಿರು ಪಾಚಿಯ ಬಣ್ಣ ಕೊಟ್ಟೆ. ಹಾಗೇ ಚಲೋ ಕಾಣುತ್ತದೆ.

ಇನ್ನು ಒಳಗೋಡೆಯಲ್ಲಿ ಗ್ಯಾಂಗ್‌ಮನ್‌ಗಳು ಗಾಡಿ ಬಂದಾಗ ಸರಿದು ನಿಲ್ಲುವ ಗೂಡುಗಳು ಬಾಕಿ. ಹೊರಗಿನಿಂದ ಮೊದಲನೆಯದು ಮಾತ್ರ ಕಾಣುತ್ತದೆ, ಅದೊಂದನ್ನೇ ಮಾಡುವೆ. ಆಮೇಲೆ ಜಲ್ಲಿ.